ಒಂದೇ ರಸ್ತೆ, ಹೊತ್ತಿಗೊಂದು ನಿಯಮ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂತಹ ಸಭೆಗಳಲ್ಲಿ ಅಂಕ, ಸೀಟು, ಸ್ಕಾಲರ್‌ಶಿಪ್, ನೌಕರಿ ಇವುಗಳ ಬಗ್ಗೆ ಮಾತನಾಡುವುದು ರೂಢಿ. ಕಾರ್ಯದರ್ಶಿಗಳು ನನ್ನನ್ನು ಕರೆದಾಗ "ನೀವು ಮಾಡುವ ಕೆಲಸ ಏನೆಂದು ನಮ್ಮ ಮಕ್ಕಳಿಗೆ ತಿಳಿಸಿ, ಸಾಕು" ಎಂದರು. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಜನ ನನ್ನನ್ನು ರಸ್ತೆ ಮಾಡಿಸುವವನು ಎಂದುಕೊಂಡಿದ್ದಾರೆ. ನಿಜವಾಗಿ ನನ್ನ ಕೆಲಸ ಆಗಿರುವ ರಸ್ತೆಯ ಮೇಲೆ ಓಡುವ ವಾಹನಗಳನ್ನು ಎಣಿಸುವುದು, ಅವು ಎಲ್ಲಿ, ಏಕೆ ನಿಲ್ಲುತ್ತವೆ ಎಂದು ಲೆಕ್ಕ ಹಾಕುವುದು. ಇದರಲ್ಲಿ ಇಪ್ಪತ್ತು ನಿಮಿಷ ಕೇಳುವಂಥದ್ದು ಏನಿದೆ ಎಂದು ನಿಮಗೆ ಅನ್ನಿಸಬಹುದು. ಆದರೆ ನಿಮ್ಮಲ್ಲಿ ಅನೇಕರು ದಿನವೂ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಓದಲು ಬರುವವರು. ಸಂಜೆ ನೀವು ಮನೆ ಮುಟ್ಟುವವರೆಗೆ ನಿಮ್ಮ ಅಮ್ಮಂದಿರ ಕಣ್ಣು ಬಾಗಿಲ ಮೇಲೆ ಇರುತ್ತದೆ. ಆದ್ದರಿಂದ ಈ ವಿಷಯ ನಿಮ್ಮದೂ ಹೌದು.

ಸೈರನ್ನು ಮತ್ತು ಸೈಕಲ್ಲು

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ನಮ್ಮ ತಂದೆ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಬೆಳಗಿನ ಪಾಳಿಯ ಸೈರನ್ ಕೂಗುವ ಮೊದಲು ರಸ್ತೆ ತುಂಬ ಸೈಕಲ್ಲು, ಎಲ್ಲವೂ ಕಾರ್ಖಾನೆಯ ಕಡೆಗೆ. ಎದುರಿನಿಂದ ಬರುವವರು ಬೆರಳೆಣಿಕೆಯಷ್ಟು. ಪಾಳಿ ಬಿಟ್ಟಾಗ ಅದೇ ಜನಪ್ರವಾಹ ತಿರುಗಿ ಮನೆಯ ಕಡೆಗೆ. ರಸ್ತೆಯ ಅಗಲ ಎರಡೂ ಹೊತ್ತು ಒಂದೇ. ಆದರೆ ಬೆಳಿಗ್ಗೆ ಅದರ ಒಂದು ಅರ್ಧ ಕಿಕ್ಕಿರಿದು ಇನ್ನೊಂದು ಅರ್ಧ ಖಾಲಿ, ಸಂಜೆ ಇದರ ತಿರುಗುಮುರುಗು. ಸೈಕಲ್ಲಿನವರು ಯಾರನ್ನೂ ಕೇಳದೆ ಖಾಲಿ ಅರ್ಧಕ್ಕೂ ಹರಡಿಕೊಳ್ಳುತ್ತಿದ್ದರು. ಎದುರಿನಿಂದ ಲಾರಿ ಬಂದರೆ ಬೆಲ್ ಬಾರಿಸುತ್ತಾ ಪಕ್ಕಕ್ಕೆ ಸರಿಯುತ್ತಿದ್ದರು.

ಇದನ್ನೇ ಇಂಜಿನಿಯರುಗಳು ಸಮುದ್ರದ ಉಬ್ಬರವಿಳಿತಕ್ಕೆ ಹೋಲಿಸುತ್ತಾರೆ. ಜಗತ್ತಿನ ಎಲ್ಲ ದೊಡ್ಡ ನಗರಗಳಲ್ಲೂ ಬೆಳಿಗ್ಗೆ ವಾಹನಗಳು ಒಂದು ಕಡೆಗೆ, ಸಂಜೆ ಇನ್ನೊಂದು ಕಡೆಗೆ ಹರಿಯುತ್ತವೆ. ಹಾಗಿದ್ದ ಮೇಲೆ ರಸ್ತೆಯ ಲೇನುಗಳನ್ನು ದಿನವಿಡೀ ಸಮಪಾಲು ಮಾಡಿ ಇಡಬೇಕೇಕೆ? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಆರು ಲೇನುಗಳಿವೆ. 1963ರಿಂದ ಅಲ್ಲಿ ಬೆಳಿಗ್ಗೆ ನಗರದ ಕಡೆಗೆ ನಾಲ್ಕು ಲೇನು, ಎದುರಿಗೆ ಎರಡು ಎಂದು ಹೊತ್ತಿಗೆ ತಕ್ಕಂತೆ ಹಂಚುವ ಕ್ರಮವಿದೆ. ಬಹಳ ವರ್ಷ ಕೆಲಸಗಾರರು ನಿಧಾನವಾಗಿ ಚಲಿಸುವ ವಾಹನದಲ್ಲಿ ಕುಳಿತು ಪ್ಲಾಸ್ಟಿಕ್ ಕೊಳವೆಗಳನ್ನು ಕೈಯಿಂದಲೇ ಒಂದು ತೂತಿನಿಂದ ಇನ್ನೊಂದು ತೂತಿಗೆ ಸರಿಸುತ್ತಿದ್ದರು. ಪ್ಲಾಸ್ಟಿಕ್ ಕೊಳವೆ ಎದುರು ಬರುವ ಕಾರನ್ನು ತಡೆಯಲಾರದು. 2015ರ ಜನವರಿಯಲ್ಲಿ ಅದರ ಬದಲು ಗಟ್ಟಿ ತಡೆಗೋಡೆ ಬಂತು. ಈಗ ಒಂದು ಯಂತ್ರ ಆ ಗೋಡೆಯನ್ನೇ ಎತ್ತಿ ಪಕ್ಕದ ಲೇನಿಗೆ ಸರಿಸುತ್ತಾ ಹೋಗುತ್ತದೆ. ಹೊಸ ಸೇತುವೆ ಕಟ್ಟದೆಯೇ ಇರುವ ಸೇತುವೆಯಿಂದ ಹೆಚ್ಚು ಕೆಲಸ ತೆಗೆದುಕೊಂಡ ಉದಾಹರಣೆ ಇದು.

ಹೊತ್ತಿಗೆ ತಕ್ಕ ನಿಯಮ ನಮ್ಮ ರಾಜ್ಯಕ್ಕೂ ಹೊಸದಲ್ಲ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಹಗಲು ಅದು ಮನುಷ್ಯರ ರಸ್ತೆ, ರಾತ್ರಿ ಆನೆ-ಜಿಂಕೆಗಳ ದಾರಿ.

ಕಾರಣವಿಲ್ಲದೆ ನಿಲ್ಲುವ ವಾಹನಗಳು

ಲೇನನ್ನು ಹೊತ್ತಿಗೆ ತಕ್ಕಂತೆ ಬದಲಿಸುವುದು ಒಂದು ಉಪಾಯ. ವೇಗವನ್ನು ಹೊತ್ತಿಗೆ ತಕ್ಕಂತೆ ಬದಲಿಸುವುದು ಇನ್ನೊಂದು. ಇದನ್ನು ತಿಳಿಯಲು ಪಿ.ಯು.ಸಿ. ಓದುವವರು ನನ್ನ ಜೊತೆ ಒಂದು ಸಣ್ಣ ಲೆಕ್ಕ ಮಾಡಿ. ಗಂಟೆಗೆ 80 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಮುಂದಿನ ವಾಹನಕ್ಕೂ ನಮಗೂ ಎರಡು ಸೆಕೆಂಡಿನ ಅಂತರ ಬೇಕು ಎಂಬುದು ಸುರಕ್ಷತೆಯ ಮೊದಲ ಪಾಠ. ಅಂದರೆ 44 ಮೀಟರ್. ಎಲ್ಲರೂ ಈ ಅಂತರ ಪಾಲಿಸಿದರೆ ಒಂದು ಲೇನಿನಲ್ಲಿ ಗಂಟೆಗೆ 3600 ಭಾಗಿಸು 2, ಅಂದರೆ 1800 ವಾಹನಗಳು ಹಾದುಹೋಗಬಹುದು. ಅದಕ್ಕಿಂತ ಹೆಚ್ಚು ವಾಹನಗಳು ನುಗ್ಗಿದರೆ ಅಂತರ ಕಡಿಮೆಯಾಗುತ್ತದೆ. ಒಬ್ಬ ಸ್ವಲ್ಪ ಬ್ರೇಕ್ ಒತ್ತಿದರೆ ಹಿಂದಿನವನು ಇನ್ನಷ್ಟು ಒತ್ತುತ್ತಾನೆ, ಅವನ ಹಿಂದಿನವನು ಮತ್ತಷ್ಟು. ಹತ್ತಿಪ್ಪತ್ತು ವಾಹನಗಳ ಹಿಂದೆ ಯಾರೋ ಪೂರ್ತಿ ನಿಲ್ಲಬೇಕಾಗುತ್ತದೆ. ಅವನಿಗೆ ಮುಂದೆ ಅಪಘಾತವೂ ಕಾಣುವುದಿಲ್ಲ, ಗುಂಡಿಯೂ ಕಾಣುವುದಿಲ್ಲ.

ಜಪಾನಿನ ಸಂಶೋಧಕರು ಇದನ್ನು ಪ್ರಯೋಗ ಮಾಡಿ ತೋರಿಸಿ 2008ರಲ್ಲಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಒಂದೇ ವೇಗದಲ್ಲಿ ಸುತ್ತುತ್ತಿರಿ ಎಂದರು. ಸಿಗ್ನಲ್ ಇಲ್ಲ, ತಿರುವು ಇಲ್ಲ, ಅಡ್ಡ ಬರುವವರಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಕೆಲವು ಕಾರುಗಳು ನಿಂತವು. ಆ ನಿಲುಗಡೆ ಅಲೆಯಂತೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೋಯಿತು.

ಹೀಗಾಗಿ ದಟ್ಟಣೆ ಹೆಚ್ಚುವ ಮೊದಲೇ ಎಲ್ಲರಿಗೂ "ಈಗ 100 ಬೇಡ, 80ರಲ್ಲಿ ಹೋಗಿ" ಎಂದು ಹೇಳಿದರೆ ನಿಂತು-ಹೊರಟು ಮಾಡುವುದು ತಪ್ಪುತ್ತದೆ. ನಿಧಾನವಾಗಿ ಹೋದವರು ಬೇಗ ತಲುಪುತ್ತಾರೆ. ಹೀಗೆ ಹೇಳುವ ಕೆಲಸವನ್ನು ರಸ್ತೆಗೆ ಅಡ್ಡಲಾಗಿ ಕಟ್ಟಿದ ಕಮಾನಿನ ಮೇಲಿನ ದೀಪದ ಫಲಕಗಳು ಮಾಡುತ್ತವೆ. ರಸ್ತೆಯಲ್ಲಿ ಹುದುಗಿಸಿದ ತಂತಿ ಸುರುಳಿ, ಕ್ಯಾಮೆರಾ ಮತ್ತು ರೇಡಾರ್ ವಾಹನಗಳನ್ನು ಎಣಿಸುತ್ತವೆ. ಕಂಟ್ರೋಲ್ ರೂಮಿನ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಫಲಕದ ಮೇಲಿನ ಸಂಖ್ಯೆ ಬದಲಾಗುತ್ತದೆ. ಮುಂದೆ ಲೇನಿನಲ್ಲಿ ವಾಹನ ಕೆಟ್ಟು ನಿಂತಿದ್ದರೆ ಆ ಲೇನಿನ ಮೇಲೆ ಕೆಂಪು ಗುಣಾಕಾರ ಚಿಹ್ನೆ ಉರಿಯುತ್ತದೆ. ಇದಕ್ಕೆ ಸಕ್ರಿಯ ಸಂಚಾರ ನಿರ್ವಹಣೆ ಎಂದು ಹೆಸರು.

ಬ್ರಿಟನ್ನಿನ ಪಾಠ

ಇದರ ಹೆಸರಾಂತ ಪ್ರಯೋಗ ನಡೆದದ್ದು ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರದ ಬಳಿ, ಎಂ-42 ಎಂಬ ಹೆದ್ದಾರಿಯ ಸುಮಾರು 17 ಕಿಲೋಮೀಟರ್ ಭಾಗದಲ್ಲಿ. ಅಲ್ಲಿಯೂ ನಮ್ಮಂತೆ ಎಡಗಡೆ ಸಂಚಾರ. ಮೂರು ಲೇನುಗಳ ಎಡಕ್ಕೆ, ಕೆಟ್ಟ ವಾಹನಗಳು ನಿಲ್ಲಲೆಂದು ಬಿಟ್ಟ ತುರ್ತು ಪಟ್ಟಿ ಇತ್ತು. 2006ರ ಸೆಪ್ಟೆಂಬರ್‌ನಿಂದ ದಟ್ಟಣೆಯ ಹೊತ್ತಿನಲ್ಲಿ ಮಾತ್ರ ಆ ಪಟ್ಟಿಯನ್ನೂ ನಾಲ್ಕನೆಯ ಲೇನಾಗಿ ತೆರೆದರು. ವೇಗ ಸುಮಾರು 80 ಕಿಲೋಮೀಟರ್ ಮೀರುವಂತಿರಲಿಲ್ಲ. ತೆರೆಯುವ ಮೊದಲು ಕ್ಯಾಮೆರಾಗಳಲ್ಲಿ ಪಟ್ಟಿಯುದ್ದಕ್ಕೂ ನೋಡಿ, ಯಾರೂ ನಿಂತಿಲ್ಲವೆಂದು ಖಚಿತ ಮಾಡಿಕೊಳ್ಳುತ್ತಿದ್ದರು. ಸುಮಾರು 500 ಮೀಟರಿಗೊಂದು ಕಡೆ ಕೆಟ್ಟ ವಾಹನ ನಿಲ್ಲಿಸಲು ಪ್ರತ್ಯೇಕ ಜಾಗ ಮಾಡಿದ್ದರು. ಪ್ರಯೋಗ ಯಶಸ್ವಿಯಾಯಿತು. ಪ್ರಯಾಣದ ಸಮಯ ನಂಬುವಂತಾಯಿತು, ಅಪಘಾತಗಳೂ ಇಳಿದವು.

ಯಶಸ್ಸಿನ ನಂತರ ಎಡವಿದರು. ಕೆಲವು ಕಡೆ ತುರ್ತು ಪಟ್ಟಿಯನ್ನು ದಿನದ 24 ಗಂಟೆಯೂ ಲೇನಾಗಿ ಮಾಡಿಬಿಟ್ಟರು. 2014ರಲ್ಲಿ ಲಂಡನ್ ಸುತ್ತಿನ ಎಂ-25 ಹೆದ್ದಾರಿಯಿಂದ ಇದು ಶುರುವಾಯಿತು. ಖರ್ಚು ಉಳಿಸಲು, ವಾಹನ ನಿಲ್ಲಿಸುವ ಜಾಗಗಳ ನಡುವಿನ ಅಂತರ ಎರಡೂವರೆ ಕಿಲೋಮೀಟರಿನವರೆಗೆ ಇರಬಹುದು ಎಂದರು. ನಿಂತ ವಾಹನವನ್ನು ತಾನಾಗಿ ಗುರುತಿಸುವ ರೇಡಾರ್ ಎಲ್ಲ ಕಡೆ ಇರಲಿಲ್ಲ. ರೇಡಾರ್ ಇಲ್ಲದ ಕಡೆ ಕೆಟ್ಟು ನಿಂತ ವಾಹನ ಕಂಟ್ರೋಲ್ ರೂಮಿನವರ ಕಣ್ಣಿಗೆ ಬೀಳಲು ಸರಾಸರಿ 17 ನಿಮಿಷ ಬೇಕಾಗುತ್ತದೆ ಎಂದು ಅವರದೇ ವರದಿ 2016ರಲ್ಲಿ ಹೇಳಿತು. ಹೆದ್ದಾರಿಯ ಮಧ್ಯೆ, ಓಡುವ ಲಾರಿಗಳ ದಾರಿಯಲ್ಲಿ, 17 ನಿಮಿಷ! ಜನ ಸತ್ತರು. ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ವರ್ಷಗಟ್ಟಲೆ ಹೋರಾಡಿದವು. 2022ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಹೊಸ ಕಾಮಗಾರಿಗಳನ್ನು ತಡೆಹಿಡಿಯಿತು. 2023ರ ಏಪ್ರಿಲ್‌ನಲ್ಲಿ, ಇನ್ನು ಮುಂದೆ ಇಂತಹ ಹೊಸ ರಸ್ತೆಗಳೇ ಬೇಡ ಎಂದು ಕೈಬಿಟ್ಟಿತು.

2006ರ ಪ್ರಯೋಗ ಗೆದ್ದಿತು, ನಂತರದ್ದು ಜನರ ವಿಶ್ವಾಸ ಕಳೆದುಕೊಂಡಿತು. ಫಲಕಗಳು ಎರಡು ಕಡೆಯೂ ಇದ್ದವು. ಮೊದಲನೆಯದರಲ್ಲಿ ಲೇನು ತೆರೆಯುವ ಮುನ್ನ ಒಬ್ಬ ಮನುಷ್ಯ ಕಣ್ಣಾರೆ ನೋಡಿ "ದಾರಿ ಖಾಲಿ ಇದೆ" ಎಂಬುದಕ್ಕೆ ಹೊಣೆಯಾಗುತ್ತಿದ್ದ. ಎರಡನೆಯದರಲ್ಲಿ ಆ ಹೊಣೆ ತೆಳುವಾಯಿತು.

ಸೊಪ್ಪಿನ ಕೊಂಬೆ ಮತ್ತು ಕಲ್ಲು

ಈಗ ನಮ್ಮೂರಿಗೆ ಬರುತ್ತೇನೆ. ನಮ್ಮಲ್ಲಿ ದೀಪದ ಫಲಕ ಬರುವ ಎಷ್ಟೋ ವರ್ಷ ಮೊದಲೇ ಒಂದು ಫಲಕ ಇತ್ತು, ಈಗಲೂ ಇದೆ. ಲಾರಿ ಕೆಟ್ಟು ನಿಂತರೆ ಕ್ಲೀನರ್ ಪಕ್ಕದ ಗಿಡದಿಂದ ಸೊಪ್ಪಿನ ಕೊಂಬೆ ಮುರಿದು ಹಿಂದೆ ಹಾಕುತ್ತಾನೆ, ನಾಲ್ಕೈದು ಕಲ್ಲು ಸಾಲಾಗಿ ಇಡುತ್ತಾನೆ. ಆ ಕೊಂಬೆ ಹೇಳುವುದೂ ಕೆಂಪು ಗುಣಾಕಾರ ಚಿಹ್ನೆ ಹೇಳುವುದೂ ಒಂದೇ: ಈ ಲೇನು ಈಗ ಮುಚ್ಚಿದೆ, ಪಕ್ಕಕ್ಕೆ ಸರಿ.

ನಾನು ಪಿ.ಯು.ಸಿ. ಓದುವಾಗ ಭದ್ರಾವತಿಯಿಂದ ನನ್ನ ಜೊತೆ ಬರುತ್ತಿದ್ದ ಒಬ್ಬ ಗೆಳೆಯನಿದ್ದ. ಗಣಿತದಲ್ಲಿ ನನಗಿಂತ ಬಹಳ ಮುಂದಿದ್ದವನು. ಒಂದು ಸಂಜೆ ಟ್ಯೂಷನ್ ಮುಗಿಸಿ ಅಣ್ಣನ ಮೊಪೆಡ್‌ನಲ್ಲಿ ಊರಿಗೆ ಹೊರಟ. ಮಾಚೇನಹಳ್ಳಿ ದಾಟಿದ ಮೇಲೆ ಕತ್ತಲಲ್ಲಿ ಮುಂದಿನ ಚಕ್ರ ಕಲ್ಲಿಗೆ ಬಡಿದು ಬಿದ್ದ. ಅಲ್ಲಿ ಯಾವ ಲಾರಿಯೂ ಇರಲಿಲ್ಲ. ಮಧ್ಯಾಹ್ನ ಕೆಟ್ಟು ನಿಂತಿದ್ದ ಲಾರಿ ರಿಪೇರಿಯಾಗಿ ಹೋಗಿತ್ತು. ಅದರ ಹಿಂದೆ ಇಟ್ಟಿದ್ದ ಕಲ್ಲುಗಳು ಹಾಗೇ ಉಳಿದಿದ್ದವು. ಪ್ರಾಣ ಉಳಿಯಿತು. ಕಾಲಿಗೆ ಎರಡು ಆಪರೇಷನ್ ಆಯಿತು. ಆ ವರ್ಷ ಪರೀಕ್ಷೆ ಬರೆಯಲಿಲ್ಲ. ಆಸ್ಪತ್ರೆಯ ಸಾಲ ತೀರಿಸಲು ಅಣ್ಣನ ಅಂಗಡಿಯಲ್ಲಿ ಕುಳಿತ, ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಇಂದು ಈ ವೇದಿಕೆಯಲ್ಲಿ ನನ್ನ ಜಾಗದಲ್ಲಿ ಅವನು ನಿಲ್ಲಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಇಟ್ಟವನು ಕೆಟ್ಟವನಲ್ಲ. ಎಚ್ಚರಿಕೆ ಕೊಡಲೆಂದೇ ಇಟ್ಟ. ಆದರೆ ಅವಧಿ ಮುಗಿದ ಎಚ್ಚರಿಕೆಯನ್ನು ತೆಗೆಯಲಿಲ್ಲ. ಮುಂದೆ ನಾನು ಈ ವಿದ್ಯೆ ಕಲಿತಾಗ ಪುಸ್ತಕದಲ್ಲಿ ಇದ್ದದ್ದೂ ಅದೇ ಮಾತು. ಹೊತ್ತಿಗೊಂದು ನಿಯಮ ಮಾಡುವವನು ಹೊತ್ತು ಹೊತ್ತಿಗೂ ನೋಡುತ್ತಿರಬೇಕು. ಫಲಕ ಈ ಗಳಿಗೆಯ ಸತ್ಯವನ್ನೇ ಹೇಳಬೇಕು. ಖಾಲಿ ಲೇನಿನ ಮೇಲೆ ಗಂಟೆಗಟ್ಟಲೆ ಕೆಂಪು ಉರಿದರೆ ಜನ ಅದನ್ನು ನಂಬುವುದು ಬಿಡುತ್ತಾರೆ, ನಿಜವಾಗಿ ವಾಹನ ನಿಂತ ದಿನವೂ ನುಗ್ಗುತ್ತಾರೆ. ದಾರಿಯಲ್ಲಿ ಬಿದ್ದ ಕಲ್ಲು-ಮುಳ್ಳನ್ನು ತೆಗೆದು ಪಕ್ಕಕ್ಕೆ ಹಾಕುವುದು ಪುಣ್ಯದ ಕೆಲಸ ಎಂದು ಮನೆಯಲ್ಲಿ ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಅದು ಇಂಜಿನಿಯರಿಂಗ್ ಪಾಠವೂ ಹೌದು.

ಕರ್ನಾಟಕದಲ್ಲಿ ಆಗುತ್ತಿರುವುದು

ನಮ್ಮ ರಾಜ್ಯದಲ್ಲಿ ಈ ವಿದ್ಯೆ ಹಂತ ಹಂತವಾಗಿ ಬರುತ್ತಿದೆ. ಬೆಂಗಳೂರಿನಲ್ಲಿ ವಾಹನಗಳ ಸಾಲನ್ನು ಕ್ಯಾಮೆರಾದಿಂದ ಅಳೆದು ಹಸಿರು ದೀಪದ ಅವಧಿಯನ್ನು ತಾನೇ ಹೆಚ್ಚು-ಕಡಿಮೆ ಮಾಡುವ ಸಿಗ್ನಲ್‌ಗಳು 2024ರಿಂದ ಅನೇಕ ವೃತ್ತಗಳಲ್ಲಿ ಬಂದಿವೆ. ಅವುಗಳ ಹಿಂದಿರುವ ಲೆಕ್ಕಾಚಾರ ನಮ್ಮ ದೇಶದ್ದೇ, ಸಿ-ಡ್ಯಾಕ್ ಸಂಸ್ಥೆ ರೂಪಿಸಿದ್ದು. ಅದೇ ನಗರದ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸುಗಳಿಗೇ ಒಂದು ಲೇನು ಮೀಸಲಿಟ್ಟರು. ಅದು ನಡೆದಷ್ಟು ಕಾಲ ಬಸ್ಸುಗಳು ಬೇಗ ತಲುಪಿದವು. ನಂತರ ಮೆಟ್ರೋ ಕಾಮಗಾರಿ ಬಂದು ಆ ಲೇನು ಹೋಯಿತು.

ಇನ್ನೊಂದು ಉದಾಹರಣೆ ಬೆಂಗಳೂರು-ಮೈಸೂರು ಹೆದ್ದಾರಿ. 119 ಕಿಲೋಮೀಟರ್ ಉದ್ದದ ಈ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ನಡುವೆ ವೇಗದ ಆರು ಲೇನು, ಇಕ್ಕೆಲಗಳಲ್ಲಿ ಸರ್ವೀಸ್ ರಸ್ತೆ. ಮೊದಲ ತಿಂಗಳುಗಳಲ್ಲಿಯೇ ಸಾವು-ನೋವು ಎಷ್ಟು ಹೆಚ್ಚಿತೆಂದರೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರಾಕ್ಟರ್‌ಗಳನ್ನು ನಡುವಿನ ಲೇನುಗಳಿಂದ ಹೊರಗಿಟ್ಟರು. ವೇಗಕ್ಕೆ 100 ಕಿಲೋಮೀಟರ್ ಮಿತಿ ಇಟ್ಟರು. 2024ರಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಕೆಲಸ ಶುರು ಮಾಡಿದವು. 2023ಕ್ಕೆ ಹೋಲಿಸಿದರೆ 2024ರಲ್ಲಿ ಸಾವುಗಳು ಬಹಳಷ್ಟು ಇಳಿದವು. ರಸ್ತೆಯ ಕಾಂಕ್ರೀಟು, ಡಾಂಬರು ಅದೇ. ಬದಲಾದದ್ದು ಯಾರು, ಎಲ್ಲಿ, ಎಷ್ಟು ವೇಗದಲ್ಲಿ ಹೋಗಬೇಕೆಂಬ ನಿಯಮ ಮತ್ತು ಅದನ್ನು ನೋಡುವ ಕಣ್ಣು.

ಹಾಗಾದರೆ ನಮ್ಮ ಶಿವಮೊಗ್ಗ-ಭದ್ರಾವತಿ ರಸ್ತೆಗೂ ಬದಲಾಗುವ ಲೇನು ಬೇಕೇ? ನನ್ನ ಉತ್ತರ ಸ್ಪಷ್ಟ. ರಸ್ತೆಯ ಅಂಚನ್ನು ಕಸಿಯುವ ಯಾವ ಲೇನೂ ಬೇಡ. ಬೆಂಗಳೂರು-ಹೊನ್ನಾವರ ರಸ್ತೆ ಎಂಬುದರಿಂದ ಎರಡೂ ಊರುಗಳಲ್ಲಿ ಇದಕ್ಕೆ ಬಿ.ಎಚ್. ರಸ್ತೆ ಎಂದೇ ಹೆಸರು. ಹಳೆಯ ರಾಷ್ಟ್ರೀಯ ಹೆದ್ದಾರಿ 206, ಈಗ 69. ಇದರ ಅಂಚಿನಲ್ಲಿ ಶಾಲೆಯ ಮಕ್ಕಳು ನಡೆಯುತ್ತಾರೆ, ಕಾರ್ಮಿಕರು ಸೈಕಲ್ ತುಳಿಯುತ್ತಾರೆ, ಹೆಂಗಸರು ಬಸ್ಸಿಗೆ ಕಾಯುತ್ತಾರೆ. ಬ್ರಿಟನ್ನಿನಲ್ಲಿ ಅಂಚು ಕೆಟ್ಟ ಕಾರಿನ ಜಾಗ, ನಮ್ಮಲ್ಲಿ ಅದು ಬಡವರ ರಸ್ತೆ. ನಾಲ್ಕು ಲೇನು ಎಲ್ಲಿಯೇ ಬರಲಿ, ಜೊತೆಗೆ ಮುರಿಯದೆ ಸಾಗುವ ಸರ್ವೀಸ್ ರಸ್ತೆ ಬರಬೇಕು ಎಂದು ನಾವು ಕೇಳಬೇಕು. ಅದು ಬಂದ ಮೇಲೆ ವೇಗದ ಫಲಕ, ಕೆಟ್ಟ ವಾಹನದ ಸೂಚನೆ, ಶಾಲೆಯ ಹೊತ್ತಿನಲ್ಲಿ ಭಾರಿ ಲಾರಿಗಳಿಗೆ ಮಿತಿ ಇವೆಲ್ಲ ಬರಲಿ. ಶಿವಮೊಗ್ಗ 2016ರಲ್ಲಿಯೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು. ಕ್ಯಾಮೆರಾಗಳು ದಂಡ ಹಾಕಲು ಮಾತ್ರ ಅಲ್ಲ, ಎಣಿಸಲೂ ಎಚ್ಚರಿಸಲೂ ಬಳಕೆಯಾಗಬೇಕು.

ನಾವು ಮಾಡಬಹುದಾದದ್ದು

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ರೈಲ್ವೆ ಗೇಟು. ಗೇಟು ಹಾಕಿದೊಡನೆ ನಮ್ಮ ಸಾಲು ಬಿಟ್ಟು ಬಲಗಡೆಯ ಖಾಲಿ ಜಾಗವನ್ನೂ ತುಂಬಿಬಿಡುತ್ತೇವೆ. ಆಚೆ ಬದಿಯವರೂ ಹಾಗೆಯೇ. ಗೇಟು ತೆಗೆದಾಗ ಎರಡು ಸೈನ್ಯಗಳು ಎದುರುಬದುರು. ರೈಲು ಹೋಗಲು ಎರಡು ನಿಮಿಷ, ಜಗಳ ಬಿಡಿಸಲು ಹದಿನೈದು ನಿಮಿಷ. ಅದೂ ಬದಲಾಗುವ ಲೇನೇ, ಆದರೆ ಹೇಳುವವರು ಕೇಳುವವರು ಇಲ್ಲದ್ದು. ನಮ್ಮ ಸಂಸ್ಥೆಯ ಮಕ್ಕಳು ಎಡಗಡೆಯ ಸಾಲಿನಲ್ಲಿಯೇ ನಿಲ್ಲುತ್ತಾರೆ ಎಂಬ ಹೆಸರು ಬರಲಿ.

ಎರಡನೆಯದು, ಎಣಿಕೆ. ಎಂ.ಆರ್.ಎಸ್. ಸರ್ಕಲ್, ಅಮೀರ್ ಅಹಮದ್ ಸರ್ಕಲ್ ಇಂತಹ ಕಡೆ ಹತ್ತು ವಿದ್ಯಾರ್ಥಿಗಳು ಒಂದು ಸೋಮವಾರ ಬೆಳಿಗ್ಗೆ 8ರಿಂದ 10ರವರೆಗೆ ಸುರಕ್ಷಿತ ಜಾಗದಲ್ಲಿ ನಿಂತು, 15 ನಿಮಿಷಕ್ಕೊಮ್ಮೆ ಬಸ್ಸು, ಲಾರಿ, ಬೈಕು, ಸೈಕಲ್ಲು, ರಸ್ತೆ ದಾಟುವ ಜನ ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಒಂದು ಪೆನ್ನು, ಒಂದು ನೋಟ್‌ಬುಕ್ ಸಾಕು. ಮಹಾನಗರ ಪಾಲಿಕೆಗೂ ಸಂಚಾರ ಪೊಲೀಸರಿಗೂ ಅರ್ಜಿ ಕೊಡುವಾಗ ಅದನ್ನು ಲಗತ್ತಿಸಿ. ಬರೀ ದೂರಿಗಿಂತ ಲೆಕ್ಕವಿರುವ ದೂರಿಗೆ ಬೆಲೆ ಹೆಚ್ಚು.

ಮೂರನೆಯದು, ಕಲ್ಲು. ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನ ಕೆಟ್ಟು ನಿಂತಿದ್ದರೆ 1033ಕ್ಕೆ ಕರೆಮಾಡಿ. ಅಪಘಾತವಾಗಿದ್ದರೆ 112. ಗಾಯಾಳುವಿಗೆ ನೆರವಾದವರನ್ನು ಕಾನೂನಿನ ತೊಡಕಿಗೆ ಸಿಲುಕಿಸಬಾರದೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ರಕ್ಷಣೆ ಇದೆ. ಹೆದರಬೇಡಿ. ವಾಹನ ಹೋದ ಮೇಲೆ ಉಳಿದ ಕಲ್ಲು ಕಂಡರೆ, ಎರಡೂ ಕಡೆ ನೋಡಿ, ನಿಮಗೆ ಅಪಾಯವಿಲ್ಲದಿದ್ದರೆ ಎತ್ತಿ ಪಕ್ಕಕ್ಕೆ ಹಾಕಿ.

ನಾಲ್ಕನೆಯದು, ಓದು. ಈ ಕೆಲಸಕ್ಕೆ ಸಿವಿಲ್ ಓದಿದವರಷ್ಟೇ ಸಾಲದು. ಸಂಖ್ಯಾಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ಮನಃಶಾಸ್ತ್ರ ಓದಿದವರೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾರಿಗೆಯ ಅಧ್ಯಯನಕ್ಕೆಂದೇ ವಿಭಾಗವಿದೆ. ಕಂಟ್ರೋಲ್ ರೂಮಿನ ಪರದೆಯ ಮುಂದೆ ಕುಳಿತು "ದಾರಿ ಖಾಲಿ ಇದೆ" ಎಂದು ಹೊಣೆ ಹೊರುವ ಕೆಲಸಕ್ಕೆ ನಮ್ಮ ಹೆಣ್ಣುಮಕ್ಕಳೂ ಮುಂದೆ ಬರಬೇಕು. ಒಳ್ಳೆಯ ಸಂಬಳದ ಕೆಲಸವೇ. ಅದರ ಜೊತೆಗೆ, ಯಾರದೋ ಮನೆಯ ಹುಡುಗ ಸಂಜೆ ಸುಖವಾಗಿ ಊರು ಸೇರುತ್ತಾನೆ. ನಿಮ್ಮ ಹೆಸರು ಅವನಿಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

  ಹೊತ್ತಾಗಿದೆ, ಭದ್ರಾವತಿಯ ಕಡೆಗೆ ಹೋಗುವವರು ಅವಸರ ಮಾಡದೆ ಹೋಗಿ.